ಫೋನ್ ಬದಲಾಗಲಿ, ಲೆಕ್ಕ ತಪ್ಪದಿರಲಿ

ಮಹಾನವಮಿಯ ದಿನ ನಮ್ಮ ಮಲೆನಾಡಿನ ಮನೆಯಲ್ಲಿ ಕತ್ತಿ, ಹಾರೆ, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಪೂಜೆ ಮಾಡುತ್ತೇವೆ. ಈಚಿನ ವರ್ಷಗಳಲ್ಲಿ ಆ ಸಾಲಿನ ಕೊನೆಗೆ ಲ್ಯಾಪ್‌ಟಾಪ್, ಮೊಬೈಲುಗಳೂ ಬಂದು ಕುಳಿತಿವೆ. ಕತ್ತಿಗೆ ಪೂಜೆಗೆ ಮೊದಲು ಸಾಣೆ ಹಿಡಿಸುತ್ತಾರೆ. ಗುದ್ದಲಿಯ ಕಾವು ಸಡಿಲವಾಗಿದ್ದರೆ ಬೆಣೆ ಬಡಿಯುತ್ತಾರೆ. ಲ್ಯಾಪ್‌ಟಾಪಿಗೆ ಮಾತ್ರ ಒಂದು ಬೊಟ್ಟು ಕುಂಕುಮವಿಟ್ಟು ಎತ್ತಿಡುವುದು. “ಇದಕ್ಕೆ ಸಾಣೆ ಯಾವಾಗ?” ಎಂದು ಒಂದು ವರ್ಷ ಅಪ್ಪ ಕೇಳಿದರು. ಅವರು ಕೇಳಿದ್ದು ತಮಾಷೆಗೆ, ನನಗೆ ಮಾತ್ರ ಅದು ನಾಟಿತು. ಅಲ್ಲಿಂದೀಚೆಗೆ ಪ್ರತಿ ವರ್ಷ ಆ ದಿನ ಊಟವಾದ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಹಿಡಿದು ಎರಡು ತಾಸು ಕೂರುತ್ತೇನೆ. ಆ ಎರಡು ತಾಸಿನಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಹೊಸ ಫೋನ್ ಆರಿಸುವುದಕ್ಕೆ ನಾವು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಅದಾದರೋ ನಾಲ್ಕೈದು ವರ್ಷದ ನೆಂಟ. ಮೊಬೈಲ್ ನಂಬರು, ಇಮೇಲ್, ಫೋಟೊ, ನಾವು ಬರೆದ ಕಡತಗಳು ಇಪ್ಪತ್ತು ಮೂವತ್ತು ವರ್ಷ ನಮ್ಮ ಜೊತೆ ಬಾಳುವಂಥವು. ಅವುಗಳ ವಿಷಯದಲ್ಲಿ ನಾವು ಅರ್ಧ ತಾಸೂ ಕೂತು ಯೋಚಿಸುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಅವುಗಳಿಗೇ.

ಹೆಜ್ಜೆ 1: ಡ್ರಾಯರ್ ಖಾಲಿ ಮಾಡಿ

ಹಳೆಯ ಪತ್ರಿಕೆಯೊಂದನ್ನು ಹಾಸಿ, ಮನೆಯಲ್ಲಿರುವ ಎಲ್ಲ ಉಪಕರಣಗಳನ್ನು ಅದರ ಮೇಲೆ ಸುರಿಯಿರಿ. ಮೊದಲ ವರ್ಷ ನಮ್ಮಲ್ಲಿ ಸಿಕ್ಕಿದ್ದು: ಸತ್ತ ನಾಲ್ಕು ಫೋನ್, ಪರದೆ ಬಿರುಕು ಬಿಟ್ಟ ಒಂದು ಟ್ಯಾಬ್, ಐದು ಪೆನ್‌ಡ್ರೈವ್, ಯಾವುದಕ್ಕೂ ಹೊಂದದ ಒಂಬತ್ತು ಚಾರ್ಜರ್.

ಬಳಕೆಯಲ್ಲಿರುವ ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಕೊಡಿ. ಕೊಂಡ ದಿನಾಂಕ, ಬಿಲ್ ಎಲ್ಲಿದೆ, ಯಾರು ಬಳಸುತ್ತಾರೆ, ಯಾವ ಖಾತೆಯಿಂದ ಲಾಗಿನ್ ಆಗಿದೆ ಎಂದು ಬರೆಯಿರಿ. ಫೋನಾದರೆ *#06# ಒತ್ತಿದಾಗ ಕಾಣುವ 15 ಅಂಕಿಯ ಐಎಂಇಐ ಸಂಖ್ಯೆಯನ್ನೂ, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನೂ, ಬರೆಯಿರಿ. ಎರಡು ಸಿಮ್‌ನ ಫೋನಿಗೆ ಇಂಥ ಎರಡು ಸಂಖ್ಯೆ ಇರುತ್ತವೆ. ಫೋನ್ ಕಳೆದರೆ ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಈ ಸಂಖ್ಯೆ ಬೇಕು. ಕಳೆದುಹೋದ ಫೋನಿನಲ್ಲಿ *#06# ಒತ್ತಲು ಆಗುವುದಿಲ್ಲವಲ್ಲ!

ಆಮೇಲೆ ಖಾತೆಗಳ ಪಟ್ಟಿ: ಬ್ಯಾಂಕ್, ಗ್ಯಾಸ್, ವಿದ್ಯುತ್ ಬಿಲ್, ವಿಮೆ, ಆದಾಯ ತೆರಿಗೆ, ಮಕ್ಕಳ ಶಾಲೆ. ಪ್ರತಿಯೊಂದರ ಎದುರು ಅದಕ್ಕೆ ಜೋಡಿಸಿರುವ ನಂಬರು ಮತ್ತು ಇಮೇಲ್. ಬೇಸರದ ಕೆಲಸ ನಿಜ, ಆದರೆ ಬೆಚ್ಚಿಬೀಳುವುದು ಇಲ್ಲಿಯೇ. ಅಮ್ಮನ ವಿಮೆಯ ಪತ್ರಗಳೆಲ್ಲ ನನ್ನ ಹಿಂದಿನ ಕಚೇರಿಯ ಇಮೇಲಿಗೆ ಹೋಗುತ್ತಿದ್ದವು. ನಾನು ಆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಕಚೇರಿ ಕೊಟ್ಟ ಇಮೇಲಿಗೆ ಮನೆಯ ಯಾವ ವ್ಯವಹಾರವನ್ನೂ ಜೋಡಿಸಬೇಡಿ.

ಹೆಜ್ಜೆ 2: ನಂಬರನ್ನು ಬಾಡಿಗೆಯ ಮನೆಯಂತೆ ನೋಡಿ

ಮೊಬೈಲ್ ನಂಬರು ನಮ್ಮ ಸ್ವಂತದ್ದೆಂದು ಎಲ್ಲರೂ ತಿಳಿದಿರುತ್ತಾರೆ. ಅದು ಬಾಡಿಗೆಯದು, ಬಾಡಿಗೆ ನಿಂತರೆ ಬೇರೆಯವರು ಬಂದು ಕೂರುತ್ತಾರೆ.

ಅಣ್ಣನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದಾಗ ಅತ್ತಿಗೆಯೂ ಹೋದರು. ಅಲ್ಲಿಯ ಸಿಮ್ ತೆಗೆದುಕೊಂಡರು, ಇಲ್ಲಿಯದನ್ನು ಪರ್ಸಿನ ಮೂಲೆಯಲ್ಲಿ ಸುತ್ತಿಟ್ಟು ಮರೆತರು. ವರ್ಷ ತುಂಬುವ ಹೊತ್ತಿಗೆ ನಮ್ಮೆಲ್ಲರ ವಾಟ್ಸ್‌ಆ್ಯಪ್‌ನಲ್ಲಿ ‘ಅತ್ತಿಗೆ’ ಎಂಬ ಹೆಸರಿನ ಪಕ್ಕ ಒಂದು ಕೆಂಪು ಟ್ರ್ಯಾಕ್ಟರಿನ ಚಿತ್ರ ಕಾಣಿಸಿತು. ಅಮ್ಮ ಅದಕ್ಕೆ ಸಂಕ್ರಾಂತಿಯ ಶುಭಾಶಯವನ್ನೂ ಕಳುಹಿಸಿದ್ದರು. ಟ್ರ್ಯಾಕ್ಟರಿನವರು ಕೈಮುಗಿಯುವ ಚಿತ್ರ ಕಳುಹಿಸಿ ಉತ್ತರಿಸಿದ್ದರು! ಪುಣ್ಯಕ್ಕೆ ಸಜ್ಜನರು. ಅತ್ತಿಗೆಯ ಇಲ್ಲಿಯ ಬ್ಯಾಂಕ್ ಖಾತೆಯ ಒಟಿಪಿಗಳು ಅಷ್ಟು ದಿನವೂ ಅವರ ಫೋನಿಗೇ ಹೋಗುತ್ತಿದ್ದವು.

ನಿಯಮ ಹೀಗಿದೆ. ಪ್ರೀಪೇಡ್ ನಂಬರನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಕಂಪನಿ ಅದನ್ನು ಕಡಿತಗೊಳಿಸಬಹುದು. ಆ ವೇಳೆಗೆ ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಅದನ್ನು ಮುರಿದುಕೊಂಡು ಇನ್ನೊಂದು 30 ದಿನ ಬದುಕಿಸುತ್ತಾರೆ. ಕಡಿತವಾಗಿ 90 ದಿನ ಕಳೆದ ಮೇಲೆ ಆ ನಂಬರು ಯಾರ ಪಾಲಿಗಾದರೂ ಹೋಗಬಹುದು. ಸಾಲದ್ದಕ್ಕೆ, 120 ದಿನ ಬಳಸದ ವಾಟ್ಸ್‌ಆ್ಯಪ್ ಖಾತೆಯೂ ಅಳಿಸಿಹೋಗುತ್ತದೆ.

ಆದ್ದರಿಂದ ವರ್ಷಕ್ಕೊಮ್ಮೆ ಇಷ್ಟು ಮಾಡಿ. ಮನೆಯಲ್ಲಿರುವ ಪ್ರತಿ ನಂಬರಿನ ರೀಚಾರ್ಜ್ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಊರಿನಲ್ಲಿರುವ ಅಪ್ಪ ಅಮ್ಮನ ನಂಬರುಗಳನ್ನು ಮರೆಯಬೇಡಿ. ಸಂಚಾರ್ ಸಾಥಿಯಲ್ಲೇ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡುವ ಸೌಲಭ್ಯವಿದೆ. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ 9ರವರೆಗೆ ಇರಬಹುದು. ನಿಮ್ಮದಲ್ಲದ ನಂಬರು ಕಂಡರೆ ಅಲ್ಲೇ ವರದಿ ಮಾಡಿ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್ ಹಾಕಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕಂಪನಿ ಸರಿಯಿಲ್ಲವೆಂದು ನಂಬರು ಬಿಡಬೇಕಾಗಿಲ್ಲ. ಅದೇ ನಂಬರಿನೊಡನೆ ಬೇರೆ ಕಂಪನಿಗೆ ಹೋಗುವ ಪೋರ್ಟಿಂಗ್ 2011ರಿಂದಲೂ ಇದೆ. ಬಿಡಲೇಬೇಕೆಂದಿದ್ದರೆ ಮೊದಲು ಆಧಾರ್, ಆಮೇಲೆ ಬ್ಯಾಂಕ್ ಮತ್ತು ಯುಪಿಐ, ಆಮೇಲೆ ಇಮೇಲ್, ಕೊನೆಗೆ ವಾಟ್ಸ್‌ಆ್ಯಪ್ ಎಂಬ ಕ್ರಮದಲ್ಲಿ ಹೊಸ ನಂಬರಿಗೆ ಬದಲಾಯಿಸಿ. ಹಳೆಯ ಸಿಮ್ ಜೀವಂತವಿರುವಾಗಲೇ ಇದೆಲ್ಲ ಮುಗಿಯಬೇಕು, ಏಕೆಂದರೆ ನಂಬರು ಬದಲಾಯಿಸುವ ಒಟಿಪಿ ಹಲವು ಕಡೆ ಹಳೆಯ ನಂಬರಿಗೇ ಬರುತ್ತದೆ.

ಹೆಜ್ಜೆ 3: ಇಮೇಲ್ ಮತ್ತು ಪಾಸ್‌ವರ್ಡ್

ಒಬ್ಬರಿಗೆ ಒಂದು ಇಮೇಲ್ ಸಾಕು. ಮೊಬೈಲ್ ಅಂಗಡಿಯ ಹುಡುಗ ಹೊಸ ಫೋನ್ ಕೊಡುವಾಗ ಅವಸರದಲ್ಲಿ ಒಂದು ಹೊಸ ಜಿಮೇಲ್ ಸೃಷ್ಟಿಸಿ ಕೊಡುತ್ತಾನೆ. ಅದರ ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ. ಫೋನ್ ಕೆಟ್ಟ ದಿನ ಅದರೊಳಗಿನ ಫೋನ್ ನಂಬರುಗಳೂ ಫೋಟೊಗಳೂ ಅಲ್ಲೇ ಉಳಿಯುತ್ತವೆ. ಅಮ್ಮನ ಹೆಸರಿನಲ್ಲಿ ಇಂಥ ಮೂರು ಜಿಮೇಲ್‌ಗಳಿದ್ದವು. ಎರಡನ್ನು ನಾನು ಇವತ್ತಿಗೂ ತೆರೆಯಲಾಗಿಲ್ಲ. ಎರಡು ವರ್ಷ ಯಾರೂ ಲಾಗಿನ್ ಆಗದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ, ಹಾಗಾಗಿ ಅವು ಇದ್ದಾವೋ ಇಲ್ಲವೋ.

ಪಾಸ್‌ವರ್ಡ್‌ಗಳನ್ನು ಕಾಗದದ ಮೇಲೆ ಬರೆಯಲೇಬಾರದೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಚೇರಿಯ ಮೇಜಿಗೆ ಅಂಟಿಸಿದ ಚೀಟಿ ತಪ್ಪು. ಮನೆಯ ಬೀರುವಿನೊಳಗೆ ಒಡವೆಯ ಪಕ್ಕದಲ್ಲಿರುವ ನೋಟ್‌ಬುಕ್ ತಪ್ಪಲ್ಲ. ದೂರದ ದೇಶದಲ್ಲಿ ಕುಳಿತ ಕಳ್ಳನಿಗೆ ನಮ್ಮ ಬೀರು ಎಟುಕುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶ ಬಳಸುವವರು ಬಳಸಲಿ, ನಾನೂ ಬಳಸುತ್ತೇನೆ; ಆದರೆ ಅದರ ಮುಖ್ಯ ಪಾಸ್‌ವರ್ಡ್ ಕಾಗದದಲ್ಲೇ ಇದೆ. ಬ್ಯಾಂಕಿನ ಪಿನ್‌ಗಳನ್ನು ಮಾತ್ರ ಎಲ್ಲಿಯೂ ಬರೆಯುವುದಿಲ್ಲ. ಇಮೇಲಿನ ಪಾಸ್‌ವರ್ಡ್ ಬೇರೆ ಯಾವುದಕ್ಕೂ ಬಳಸದ್ದಾಗಿರಲಿ. ಉಳಿದೆಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೀರಾ’ ಪತ್ರ ಬಂದು ಬೀಳುವುದು ಅದೇ ಇಮೇಲಿಗೆ.

ಹೆಜ್ಜೆ 4: ಕೊಳ್ಳುವಾಗ ಅಪ್‌ಡೇಟ್‌ನ ಆಯುಷ್ಯ ಕೇಳಿ

ಫೋನ್ ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಎಲ್ಲರೂ ಕೇಳುತ್ತಾರೆ. ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಗೂಗಲ್ 2023ರ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷದ ಭರವಸೆ ಕೊಟ್ಟವು. ಅಗ್ಗದ ಫೋನುಗಳಲ್ಲಿ ಇದು ಎಷ್ಟೋ ಕಡಿಮೆ. ಲೆಕ್ಕ ಸರಳ: ಬೆಲೆಯನ್ನು ಅಪ್‌ಡೇಟ್ ಉಳಿದಿರುವ ವರ್ಷಗಳಿಂದ ಭಾಗಿಸಿ. 14,000 ರೂಪಾಯಿಯ ಫೋನಿಗೆ ಎರಡೇ ವರ್ಷವಾದರೆ ವರ್ಷಕ್ಕೆ 7,000; 30,000ದ್ದಕ್ಕೆ ಆರು ವರ್ಷವಾದರೆ ವರ್ಷಕ್ಕೆ 5,000. ವರ್ಷಗಳನ್ನು ಎಣಿಸಬೇಕಾದ್ದು ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾದರಿಯ ಆಯುಷ್ಯದಲ್ಲಿ ಎರಡು ವರ್ಷ ಅಂಗಡಿಯಲ್ಲೇ ಕಳೆದಿರುತ್ತದೆ.

ನಡುವೆ ಬ್ಯಾಟರಿ ಸೋಲುತ್ತದೆ. ಐಫೋನ್ 14ರವರೆಗಿನ ಬ್ಯಾಟರಿಗಳು 500 ಪೂರ್ಣ ಚಾರ್ಜ್ ಆದ ಮೇಲೆ ಮೂಲ ಶಕ್ತಿಯ ಶೇ. 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಿದವು ಎಂದು ಆ್ಯಪಲ್ ಹೇಳುತ್ತದೆ. 15ರ ಸರಣಿಗೆ ಅದು 1,000. ‘ಫೋನ್ ಹಳೆಯದಾಯಿತು’ ಎಂದು ಎಸೆಯುವ ಎಷ್ಟೋ ಫೋನುಗಳಿಗೆ ಹಳೆಯದಾಗಿರುವುದು ಬ್ಯಾಟರಿ ಮಾತ್ರ. ಅಧಿಕೃತ ಸೇವಾ ಕೇಂದ್ರದಲ್ಲಿ ಹೊಸ ಬ್ಯಾಟರಿ ಹಾಕಿಸಿ. ನನ್ನ ಈಗಿನ ಫೋನ್ ಹೀಗೆ ಮರುಜನ್ಮ ಪಡೆದದ್ದು.

ಬಳಸಿದ ಫೋನ್ ಕೊಳ್ಳುವುದಾದರೆ ಹಣ ಕೊಡುವ ಮೊದಲು ಅದರ ಐಎಂಇಐ ಸಂಖ್ಯೆಯನ್ನು ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಿ. ಕಳವಿನದಾದರೆ ಹಣವೂ ಹೋಗುತ್ತದೆ, ಠಾಣೆಗೂ ಅಲೆಯಬೇಕಾಗುತ್ತದೆ.

ಕಂಪ್ಯೂಟರಿನದು ಬೇರೆ ಕಥೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಎಷ್ಟೋ ಲ್ಯಾಪ್‌ಟಾಪುಗಳನ್ನು ವಿಂಡೋಸ್ 11 ಒಪ್ಪಿಕೊಳ್ಳುವುದಿಲ್ಲ. ಗುಜರಿಗೆ ಹಾಕುವ ಮೊದಲು, ವಿಂಡೋಸ್ ಬದಲಿಗೆ ಯಂತ್ರವನ್ನು ನಡೆಸುವ ಲಿನಕ್ಸ್ ಮಿಂಟ್ ಎಂಬ ತಂತ್ರಾಂಶ ಹಾಕಿ ನೋಡಿ. ಉಚಿತ, ಕನ್ನಡ ಟೈಪಿಂಗ್ ವ್ಯವಸ್ಥೆಯೂ ಇದೆ. ಅಪ್ಪ ಅಂಥದ್ದೊಂದರಲ್ಲಿ ಅಡಿಕೆ ಧಾರಣೆ ನೋಡುತ್ತಾರೆ, ಪತ್ರಿಕೆ ಓದುತ್ತಾರೆ; ಯಂತ್ರದೊಳಗೆ ವಿಂಡೋಸ್ ಇಲ್ಲವೆಂಬುದು ಅವರಿಗೆ ತಿಳಿದಿಲ್ಲ, ತಿಳಿಯಬೇಕಾಗಿಯೂ ಇಲ್ಲ.

ಹೆಜ್ಜೆ 5: ಫೋಟೊ ಮತ್ತು ಕನ್ನಡದ ಕಡತ

ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡಬಹುದಾದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಉಚಿತವಾಗಿರುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಅಷ್ಟೇ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದರೊಳಗೇ ಎಣಿಕೆಯಾಗುತ್ತದೆ. ಅದು ತುಂಬಿದರೆ ಫೋಟೊ ನಿಲ್ಲುವುದಿರಲಿ, ಇಮೇಲೇ ಬರುವುದಿಲ್ಲ. ಹಣ ಕೊಟ್ಟು ಜಾಗ ಕೊಳ್ಳುವ ಮೊದಲು ‘ಶುಭೋದಯ’ದ ಹೂವಿನ ಚಿತ್ರಗಳನ್ನು ಅಳಿಸಿ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸಂಗ್ರಹದ ನಿರ್ವಹಣೆಗೆ ಹೋದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂದು ತೋರಿಸುತ್ತದೆ. ನಮ್ಮ ಮನೆಯಲ್ಲಿ ಮೊದಲ ಸ್ಥಾನ ಅಮ್ಮನ ಭಜನಾ ಮಂಡಳಿಗೆ.

ಛಾಯಾಗ್ರಾಹಕರ ನಡುವೆ 3-2-1 ಎಂಬ ಒಂದು ಪದ್ಧತಿಯಿದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ನಾವು ಮಾಡುವುದು ಹೀಗೆ: ಫೋನಿನಲ್ಲಿ ಒಂದು, ಗೂಗಲ್‌ನಲ್ಲಿ ಒಂದು, ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕಿನಲ್ಲಿ ಒಂದು. ಡಿಸ್ಕನ್ನು ನವಮಿಯ ದಿನ ತುಂಬಿಸಿ, ಹಳೆಯ ಮೂರು ಫೋಟೊ ಮತ್ತು ಒಂದು ವಿಡಿಯೊ ತೆರೆದು ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೆನ್‌ಡ್ರೈವನ್ನು ವರ್ಷಗಟ್ಟಲೆ ನಂಬಬೇಡಿ. ಮಲೆನಾಡಿನವರಿಗೆ ಇನ್ನೊಂದು ಕಿವಿಮಾತು: ಮಳೆಗಾಲದಲ್ಲಿ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಗುಡುಗು ಸಿಡಿಲಿನ ಹೊತ್ತು ರೌಟರಿನ ಪ್ಲಗ್ ಕಿತ್ತಿಡಿ. ನಾವು ಎರಡು ರೌಟರ್ ಸಿಡಿಲಿಗೆ ಕೊಟ್ಟ ಮೇಲೆ ಇದನ್ನು ಕಲಿತೆವು.

ಇನ್ನು ನನಗೆ ತುಂಬ ನೋವು ಕೊಟ್ಟ ವಿಷಯ. 2004ರಿಂದ 2010ರವರೆಗೆ ನಾನು ಬರೆದದ್ದೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿತ್ತು, ಸ್ವಲ್ಪ ‘ಬರಹ’ ಎಂಬ ಇನ್ನೊಂದರಲ್ಲಿ. ಅಜ್ಜಿ ಹೇಳಿ ನಾನು ಟೈಪ್ ಮಾಡಿದ ಹಾಡುಗಳ ಒಂದು ಕಡತವೂ ಅದರಲ್ಲಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವಿರಬೇಕಾದ ಕಡೆ ಒಂದು ರೋಮನ್ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಒಂದು ಅಕ್ಷರ, ಒಂದು ಸಣ್ಣ ಕ್ಯೂ, ಮತ್ತೊಂದು ಎ. ಕಡತ ಹಾಳಾಗಿರಲಿಲ್ಲ. ಆ ಕಾಲದ ಆಸ್ಕಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಗೋಜಲು. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿರುವುದರಿಂದ ಈ ತೊಂದರೆಯಿಲ್ಲ.

ಬೀರುವಿನ ತಳದಲ್ಲಿ ಇಂಥ ಕಡತಗಳಿರುವವರು ಹೀಗೆ ಮಾಡಿ. ಮೂಲ ಕಡತಗಳನ್ನು ಮುಟ್ಟದೆ ಅವುಗಳ ನಕಲು ಮಾಡಿಕೊಳ್ಳಿ. ಯಾವ ಫಾಂಟ್ ಎಂದು ವರ್ಡ್‌ನ ಫಾಂಟ್ ಪಟ್ಟಿಯಲ್ಲಿ ನೋಡಿ. ನುಡಿ, ಬರಹಗಳಿಗಿಂತ ಬೇರೆಯಾದರೆ ಪರಿವರ್ತಕವೂ ಬೇರೆ ಬೇಕಾಗುತ್ತದೆ. ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹತ್ತು ಹತ್ತು ಪುಟ ಹಾಕಿ, ಬಂದದ್ದನ್ನು ಓದಿ ನೋಡಿ. ಅರ್ಕಾವತ್ತು, ಒತ್ತಕ್ಷರ ಮತ್ತು ನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ ತಪ್ಪು ಹೆಚ್ಚು. ಕೊನೆಗೆ ಸಾಮಾನ್ಯ ಪಠ್ಯ ಕಡತವಾಗಿ ಒಂದು ಪ್ರತಿ, ಪಿಡಿಎಫ್ ಆಗಿ ಇನ್ನೊಂದು ಪ್ರತಿ ಉಳಿಸಿ. ಅಜ್ಜಿಯ ಹಾಡುಗಳನ್ನು ತಿದ್ದಿ ಮುಗಿಸಲು ನನಗೆ ಎರಡು ಭಾನುವಾರ ಹಿಡಿಯಿತು. ಒಂದೆರಡು ಸಾಲುಗಳಲ್ಲಿ ಅಜ್ಜಿ ಹೇಳಿದ್ದು ಏನೆಂಬುದು ಇನ್ನೂ ತೀರ್ಮಾನವಾಗಿಲ್ಲ, ಆದರೆ ಆ ತಪ್ಪು ಕಂಪ್ಯೂಟರಿನದಲ್ಲ.

ಹೆಜ್ಜೆ 6: ಸದ್ದಿಲ್ಲದೆ ಹೋಗುವ ಹಣ

ಇದು ಹತ್ತು ನಿಮಿಷದ ಕೆಲಸ. ಯುಪಿಐ ಆ್ಯಪ್‌ನಲ್ಲಿ ಆಟೊಪೇ ಎಂಬ ಪುಟ ತೆರೆಯಿರಿ, ಕಾರ್ಡಿನ ಸ್ಟೇಟ್‌ಮೆಂಟ್ ನೋಡಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಮೊದಲು ಕನಿಷ್ಠ 24 ತಾಸು ಮುಂಚೆ ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಆ ಸಂದೇಶವನ್ನು ಓದದೆ ಒರೆಸಿಹಾಕುವವರು ನಾವೇ. ಮೂರು ತಿಂಗಳಿಂದ ತೆರೆಯದ ಆ್ಯಪ್‌ನ ಚಂದಾವನ್ನು ರದ್ದು ಮಾಡಿ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ.

ಹೆಜ್ಜೆ 7: ಫೋನ್ ಬದಲಾಯಿಸುವ ದಿನ

ಹೊಸ ಫೋನ್ ಬಂದ ದಿನವೇ ಹಳೆಯದನ್ನು ವಿನಿಮಯಕ್ಕೆ ಕೊಡಬೇಡಿ. ಹದಿನೈದು ದಿನ ಎರಡೂ ಇರಲಿ. ವಾಟ್ಸ್‌ಆ್ಯಪ್ ಮಾತುಕತೆಗಳನ್ನು ಕ್ಯೂಆರ್ ಕೋಡ್ ತೋರಿಸಿ ನೇರವಾಗಿ ಹೊಸ ಫೋನಿಗೆ ವರ್ಗಾಯಿಸಬಹುದು. ಒಟಿಪಿ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಮೊದಲು ಸಾಗಿಸಿ. ಅದನ್ನು ಮರೆತು ಹಳೆಯ ಫೋನ್ ಅಳಿಸಿದ ನನ್ನ ಗೆಳೆಯ ತನ್ನದೇ ಖಾತೆಯ ಹೊರಗೆ ಒಂದು ವಾರ ನಿಂತಿದ್ದ. ಯುಪಿಐ ಆ್ಯಪ್‌ಗಳು ಫೋನಿಗೂ ಸಿಮ್‌ಗೂ ಗಂಟು ಹಾಕಿಕೊಂಡಿರುವುದರಿಂದ ಹೊಸ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕಾಗುತ್ತದೆ. ಊರಿಗೆ ಹೊರಡುವ ಹಿಂದಿನ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಹದಿನೈದು ದಿನವಾದ ಮೇಲೆ ಹಳೆಯ ಫೋನಿನಿಂದ ಮೊದಲು ಗೂಗಲ್ ಖಾತೆಯನ್ನು ತೆಗೆಯಿರಿ, ಐಫೋನಾದರೆ ‘ಫೈಂಡ್ ಮೈ’ ಆಫ್ ಮಾಡಿ. ಆಮೇಲೆ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಪ್ಪಿದರೆ ಕೊಂಡವರಿಗೆ ಫೋನ್ ತೆರೆಯುವುದಿಲ್ಲ, ನಿಮಗೆ ಫೋನ್ ಮೇಲೆ ಫೋನ್ ಬರುತ್ತದೆ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿರಾ ನೋಡಿ.

ಸತ್ತ ಫೋನುಗಳನ್ನು ಕಸದ ಗಾಡಿಗೆ ಹಾಕಬೇಡಿ. ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಉಪಕರಣಗಳ ಮರುಬಳಕೆಯ ಹೊಣೆ ತಯಾರಕರದ್ದೂ ಹೌದು. ಕಂಪನಿಯ ತಾಣದಲ್ಲಿ ಹತ್ತಿರದ ಸಂಗ್ರಹ ಕೇಂದ್ರ ಹುಡುಕಿ. ಬ್ಯಾಟರಿ ಉಬ್ಬಿ ಹಿಂಬದಿ ಮೇಲೆದ್ದಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಹಾಕಲೇಬೇಡಿ. ನಮ್ಮ ಟ್ಯಾಬ್ ಹಾಗಾಗಿತ್ತು. ಸಂಗ್ರಹ ಕೇಂದ್ರಕ್ಕೆ ಒಯ್ಯುವವರೆಗೆ ಅದನ್ನು ಮರಳು ತುಂಬಿದ ಮಣ್ಣಿನ ಕುಂಡದಲ್ಲಿ ಅಂಗಳದ ಮೂಲೆಗಿಟ್ಟಿದ್ದೆ.

ಹೆಜ್ಜೆ 8: ನಾವಿಲ್ಲದಾಗ ತೆರೆಯುವವರು

ಹಬ್ಬದ ದಿನ ಈ ಮಾತು ಬೇಡವೆಂದು ಅಮ್ಮ ಗದರುತ್ತಾರೆ, ಆದರೂ ಮಾಡುತ್ತೇನೆ. ಚಿಕ್ಕಪ್ಪ ತೀರಿಕೊಂಡಾಗ ಅವರ ಫೋನಿನ ಬೀಗ ಯಾರಿಗೂ ಗೊತ್ತಿರಲಿಲ್ಲ. ತೋಟದ ಕೂಲಿಯ ಲೆಕ್ಕ, ಬ್ಯಾಂಕಿನ ಸಂದೇಶಗಳು, ಅವರೇ ತೆಗೆದ ಮೊಮ್ಮಗಳ ಫೋಟೊಗಳು ಎಲ್ಲವೂ ಅದರೊಳಗೇ ಉಳಿದವು. ಚಿಕ್ಕಮ್ಮ ಅದನ್ನು ಇವತ್ತಿಗೂ ದಿನಾ ಚಾರ್ಜಿಗೆ ಹಾಕುತ್ತಾರೆ.

ಗೂಗಲ್ ಖಾತೆಯಲ್ಲಿ ‘ನಿಷ್ಕ್ರಿಯ ಖಾತೆ ನಿರ್ವಾಹಕ’ ಎಂಬ ಸೌಲಭ್ಯವಿದೆ. ಎಷ್ಟು ತಿಂಗಳು ನೀವು ಖಾತೆ ಬಳಸದಿದ್ದರೆ ಯಾರಿಗೆ ಸುದ್ದಿ ಹೋಗಬೇಕು, ಅವರಿಗೆ ಏನೇನು ಸಿಗಬೇಕು ಎಂದು ಮೊದಲೇ ಹೇಳಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಅವಧಿ 3 ತಿಂಗಳಿನಿಂದ 18 ತಿಂಗಳವರೆಗೆ. ಐಫೋನಿನಲ್ಲಿ ಐಒಎಸ್ 15.2ರಿಂದ ‘ಲೆಗಸಿ ಕಾಂಟ್ಯಾಕ್ಟ್’ ಎಂಬುದಿದೆ. ಅದು ಕೊಡುವ ಕೀಲಿಯನ್ನು ಮುದ್ರಿಸಿ ಇಡಬೇಕು. ಎರಡನ್ನೂ ಮಾಡಲು ಸೇರಿ ಇಪ್ಪತ್ತು ನಿಮಿಷ ಸಾಕು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಫೋನಿನ ಬೀಗ, ಇಮೇಲ್ ಪಾಸ್‌ವರ್ಡ್, ಹಾರ್ಡ್ ಡಿಸ್ಕ್ ಇರುವ ಜಾಗ, ಮತ್ತು ಹಣ ವಂಚನೆಯಾದರೆ ಕೂಡಲೇ ಕರೆ ಮಾಡಬೇಕಾದ 1930 ಎಂಬ ಸಹಾಯವಾಣಿ. ಈ ಪುಟ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು. ನಮ್ಮಲ್ಲಿ ಅದು ಅಮ್ಮನಿಗೆ ಗೊತ್ತು. ಕಳೆದ ವರ್ಷ ಆ ಪುಟದ ಮೂಲೆಗೂ ಒಂದು ಬೊಟ್ಟು ಕುಂಕುಮ ಬಿದ್ದಿತ್ತು.